ಎರಡನೇ ಕಿಟಕಿ

ತುರುವೇಕೆರೆ ಬಿಟ್ಟಾಗ ನನ್ನ ಚೀಲದಲ್ಲಿ
ಎರಡು ಬಿಳಿ ಕೋಟು, ಒಂದು ಡಬ್ಬಿ ಕೊಬ್ಬರಿ ಮಿಠಾಯಿ,
ಕನ್ನಡ ಬರುತ್ತದಲ್ಲ ಎಂಬ ಧೈರ್ಯ.
ಉರ್ದು ಕಲಿ, ತೆಲುಗು ಕಿವಿಗೆ ಹಾಕಿಕೋ
ಎಂದರು ಹಾಸ್ಟೆಲಿನಲ್ಲಿ.
ಕನ್ನಡವನ್ನೇ ಕಲಿಯಬೇಕಾದೀತೆಂದು ಯಾರೂ ಹೇಳಲಿಲ್ಲ.

ಕಲಬುರಗಿಯ ಕಾಲೇಜಿನಲ್ಲಿ ಒಂದು ಪಾಠವಿತ್ತು:
ರೋಗಿಯ ಸಂಸ್ಕೃತಿ ಅರಿತು ಮಾತಾಡುವುದು.
ಹತ್ತು ಅಂಕದ ಪ್ರಶ್ನೆ, ಒಂಬತ್ತು ಬಂತು.
ನಂಬಿಕೆ, ಆಹಾರ, ಭಾಷೆ ಎಂದು ಬರೆದು
ಕೆಳಗೆ ಸ್ಕೇಲಿಟ್ಟು ಗೆರೆ ಎಳೆದಿದ್ದೆ.

ಶಹಾಬಾದಿನ ದವಾಖಾನೆ,
ತರಬೇತಿಯ ಹನ್ನೊಂದನೆಯ ದಿನ.
ಕಿಟಕಿಯ ಹೊರಗೆ ಹಾಸಿದ ಫರಸಿ
ಸಾಲು ನಿಂತವರ ಪಾದಕ್ಕೆ ಸವೆದು ಸವೆದು
ನಡುವೆ ಒಂದು ಕಾಲುವೆಯಷ್ಟು ನುಣುಪು.
ಮೇ ತಿಂಗಳು. ಜಾಲರಿ ಮುಟ್ಟಿದರೆ ಕೈ ಸುಡುತ್ತಿತ್ತು.

ನಾಗಿಂದ್ರಮ್ಮ ಚೀಟಿ ಚಾಚಿದಳು.
ಹೋದ ವಾರ ಒಯ್ದಿದ್ದು ಕಬ್ಬಿಣದ ಟಾನಿಕ್.
ಪುಸ್ತಕ ಹೇಳಿದಂತೆ ಕಣ್ಣಲ್ಲಿ ಕಣ್ಣಿಟ್ಟು
ಪುಸ್ತಕ ಹೇಳಿದಂತೆ ಮುಗುಳುನಕ್ಕು ಕೇಳಿದೆ:
"ಔಷಧ ಕುಡಿದ್ರಾ ಅಮ್ಮಾ?"

ಸಾಲಿನ ಗುಜುಗುಜು ನಿಂತಿತು.
ಹಿಂದಿದ್ದ ಮುದುಕ ಕಿವಿಯ ಬೀಡಿ ತೆಗೆದು
ಮತ್ತೆ ಕಿವಿಗೇ ಇಟ್ಟುಕೊಂಡ.
ಆಕೆ ಸೆರಗು ಬಾಯಿಗೊತ್ತಿದಳು.
"ನಾ ಯಾಕ್ ಕುಡೀಲಿ ಯವ್ವಾ ಔಷಧಾ?
ಕುಡದಾಕಿ ಹ್ವಾದಳು. ಮೂರು ವರ್ಷಾಯ್ತು.
ಇಲ್ಲೇ ತಂದಿದ್ವಿ, ಟಂಟಂದಾಗ ಹಾಕ್ಕೊಂಡು."

ಅದೇ ಅಕ್ಷರ, ಅದೇ ಕ್ರಿಯಾಪದ,
ನಾನು ಎಲ್ಲಿ ಎಡವಿದೆ?
ನಗು ಮುಖದ ಮೇಲೆ ಹಾಗೇ ಉಳಿದಿತ್ತು,
ಅದನ್ನು ಎಲ್ಲಿಡಬೇಕೋ ತಿಳಿಯದೆ.

ಒಳಗೆ ಸ್ಟಾಕು ಎಣಿಸುತ್ತಿದ್ದ ಮಷಾಕ್ ಸರ್ ಎದ್ದು ಬಂದರು.
"ಅಕ್ಕಾ, ಈ ಹುಡುಗಿ ಮೈಸೂರ ಕಡೀದು.
ಆ ಬಾಟ್ಲಿ ದವಾ ತೊಗೊಂಡಿ ಏನು ಅಂತ ಕೇಳ್ಲತ್ತಾಳ."
"ಹಾಂ, ದವಾ."
ಸೆರಗು ಮೆಲ್ಲಗೆ ಇಳಿಯಿತು.
"ತೊಗೊಂಡೀನ್ರಿ. ಹೊಟ್ಟಿ ಕಟ್ಟತದ."

ಮಧ್ಯಾಹ್ನ ಚಹಾದ ಹೊತ್ತಿಗೆ ಅವರೇ ತೆಗೆದರು ಮಾತು.
"ಹೊಲಕ್ಕ ಹೊಡಿಯೋದು ಔಷಧ. ಕುಡದ್ರ ಸಾಯ್ತಾರ.
ನಾವು ಕೊಡೋದು ದವಾ, ಗುಳಿಗಿ.
ನಿಮ್ಮ ಪುಸ್ತಕದಾಗ ಇದು ಯಾವ ಪುಟಕ್ಕದ, ನನಗೂ ತೋರ್ಸು."
ಗೇಲಿಯಲ್ಲ, ನಿಜವಾಗಿಯೇ ಕೇಳಿದರು,
ಅದೇ ಹೆಚ್ಚು ಚುಚ್ಚಿತು.

ಬಸಿ ಕೆಳಗಿಟ್ಟು ಮತ್ತೂ ಹೇಳಿದರು:
ನೌಕರಿ ಸೇರಿದ ವರ್ಷ, ಖಣಿಯ ಆಳೊಬ್ಬನಿಗೆ,
ಮೂರು ಹೊತ್ತು, ಊಟ ಆದ ಮ್ಯಾಲ, ಎಂದಿದ್ದರಂತೆ.
ವಾರ ಬಿಟ್ಟು ಬಂದ,
ಏಳು ಗುಳಿಗಿ ಧೋತರದ ತುದಿಗೆ ಗಂಟು ಕಟ್ಟಿಕೊಂಡು.
"ಮೂರನೇ ಊಟ ಸಿಗಲಿಲ್ರಿ ಸಾಹೇಬ್ರ,
ಸಿಕ್ಕ ದಿನ ತೊಗೋತೀನಿ."

ನಾನು ಚಹಾ ಮುಗಿಸಲಿಲ್ಲ.
ಹಾಸ್ಟೆಲಿಗೆ ಮರಳುವ ಬಸ್ಸಿನಲ್ಲಿ
ದವಾ, ದವಾ ಎಂದು ಬಾಯೊಳಗೇ ಹೇಳಿಕೊಂಡೆ,
ಹೊಸ ಹಲ್ಲನ್ನು ನಾಲಗೆ ತಡವಿ ನೋಡುವ ಹಾಗೆ.

ಮುಂದಿನ ವಾರ ಮತ್ತೆ ಬಂದಳು ನಾಗಿಂದ್ರಮ್ಮ.
ಈ ಸಲ ನಗಲಿಲ್ಲ ನಾನು.
"ದವಾ ತೊಗೊಂಡ್ರೇನ್ರೀ?"
ಅವಳೇ ನಕ್ಕಳು. ಎಲೆಅಡಿಕೆಯ ಕೆಂಪು ನಗು.
"ಮತ್ತೊಮ್ಮೆ ಅನ್ನು ಯವ್ವಾ. ನಾಟಕದಾಗಿನಂಗ ಅಂತಿ."
ಮತ್ತೊಮ್ಮೆ ಅಂದೆ.

ಹೊಟ್ಟೆ ಕಟ್ಟದಂತೆ ನೀರು ಹೆಚ್ಚು ಕುಡಿಯಿರಿ ಎಂದೆ.
"ನೀರು ಮೂರು ದಿನಕ್ಕೊಮ್ಮೆ ಬಿಡ್ತಾರ," ಎಂದಳು,
ದೂರಲ್ಲ, ಬರೀ ಮಾಹಿತಿ.
ಅದನ್ನೂ ನನ್ನ ವಹಿಯಲ್ಲಿ ಬರೆದುಕೊಂಡೆ.

ಬಾಟಲಿ ಸೆರಗಿನೊಳಗೆ ಸೇರಿಸಿ
ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು,
ಹಣೆ ಜಾಲರಿಗೆ ತಾಕುವಷ್ಟು ಹತ್ತಿರ:
"ನಿಮ್ಮೂರಾಗ ಇದಕ್ಕೇ ಔಷಧ ಅಂತಾರೇನು?"
ಹೌದು ಎಂದೆ.
"ಮತ್ತ ಸಾಯೋರು ಏನ್ ಕುಡೀತಾರ ಅಲ್ಲಿ?"

ಹಿಂದಿನವರು ಚೀಟಿ ಚಾಚಿದರು.
ಅವಳು ಹೋಗಲಿಲ್ಲ, ಕಾದಳು,
ನಿಜಕ್ಕೂ ತಿಳಿಯಬೇಕಿತ್ತು ಅವಳಿಗೆ.